ಚೌಕಗಳಲ್ಲಿ ಅಡಗಿದ ಮುಖ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬುದು ನಮ್ಮಲ್ಲಿ ಬಹು ಹಳೆಯ ಗಾದೆ. ಅಂಗೈಗೆ ಬೇಡ, ನಿಜ. ಆದರೆ ಆ ಅಂಗೈಯಿಂದ ಒಂದು ಮೊಳ ದೂರದಲ್ಲಿರುವ ಮುಖಕ್ಕೆ ಕನ್ನಡಿ ಬೇಕೇ ಬೇಕು. ಲೋಕದಲ್ಲಿ ಎಲ್ಲರ ಮುಖವನ್ನೂ ನಾವು ನೇರವಾಗಿ ನೋಡಬಲ್ಲೆವು. ಒಂದನ್ನು ಮಾತ್ರ ನೋಡಲಾರೆವು. ಅದು ನಮ್ಮದೇ ಮುಖ. ಹುಟ್ಟಿದಂದಿನಿಂದ ಹೊತ್ತು ತಿರುಗಿದರೂ ಅದರ ಪರಿಚಯ ನಮಗೆ ಆಗುವುದು ಮತ್ತೊಂದು ವಸ್ತುವಿನ ಮಧ್ಯಸ್ಥಿಕೆಯಿಂದಲೇ.

ತನ್ನ ರೂಪವನ್ನು ತಾನೇ ಬರೆದುಕೊಳ್ಳುವ ಚಿತ್ರಕಾರನಿಗೆ ಇದೊಂದು ವಿಚಿತ್ರವಾದ ತೊಡಕು. ಅಂಥ ಚಿತ್ರವನ್ನು ನಾವು ಆತ್ಮಚಿತ್ರವೆಂದು ಕರೆಯೋಣ. ಸುಮಾರು ಐದು ಶತಮಾನಗಳ ಕಾಲ ಯೂರೋಪಿನ ಆತ್ಮಚಿತ್ರಗಳಿಗೆ ಮಧ್ಯಸ್ಥನಾಗಿದ್ದುದು ಕನ್ನಡಿ. ೧೯೬೦ರ ದಶಕದಿಂದ ಈಚೆಗೆ ಅನೇಕ ಚಿತ್ರಕಾರರು ಕನ್ನಡಿಯನ್ನು ಬದಿಗಿಟ್ಟು, ತಮ್ಮ ಛಾಯಾಚಿತ್ರವನ್ನೇ ಎದುರಿಗಿಟ್ಟುಕೊಂಡು ಚಿತ್ರ ಬರೆಯತೊಡಗಿದರು. "ಫೋಟೋ ನೋಡಿ ಬರೆದರೆ ಅದು ಬರಿಯ ನಕಲಲ್ಲವೆ? ಯಂತ್ರವು ಮಾಡಿ ಮುಗಿಸಿದ ಕೆಲಸವನ್ನು ಕೈಯಿಂದ ಇನ್ನೊಮ್ಮೆ ಏಕೆ ಮಾಡಬೇಕು?" ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಅತ್ಯಂತ ಸ್ವಾರಸ್ಯವಾದ ಉತ್ತರ ದೊರೆಯುವುದು ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್ (೧೯೪೦–೨೦೨೧) ಎಂಬಾತನ ಕೃತಿಗಳಲ್ಲಿ. ಮನುಷ್ಯನ ಮೆದುಳು ಮುಖವನ್ನು ಹೇಗೆ ಗುರುತಿಸುತ್ತದೆ ಎಂಬ ವಿಜ್ಞಾನದ ಪ್ರಶ್ನೆಗೂ ಈತನ ಬಾಳಿಗೂ ಬಿಡಿಸಲಾಗದ ನಂಟಿದೆ. ಆ ಕಥೆಗೆ ಬರುವ ಮುನ್ನ ಕನ್ನಡಿಯನ್ನೂ ಕ್ಯಾಮರವನ್ನೂ ಸ್ವಲ್ಪ ಪರೀಕ್ಷಿಸೋಣ.

ಕನ್ನಡಿಯ ಎರಡು ಸುಳ್ಳುಗಳು

ಕನ್ನಡಿ ಸುಳ್ಳಾಡುವುದಿಲ್ಲ ಎಂದು ಲೋಕದ ನಂಬಿಕೆ. ಅದು ಕನಿಷ್ಠ ಪಕ್ಷ ಎರಡು ಸುಳ್ಳುಗಳನ್ನಾದರೂ ಹೇಳುತ್ತದೆ. ಮೊದಲನೆಯದನ್ನು ಓದುಗರು ಮನೆಯಲ್ಲಿಯೇ ಪರೀಕ್ಷಿಸಬಹುದು. ಗೋಡೆಯ ಕನ್ನಡಿಯ ಮುಂದೆ ನಿಂತು, ಒಂದು ಕಣ್ಣನ್ನು ಮುಚ್ಚಿ, ಕಾಣುವ ಮುಖದ ಸುತ್ತ ಸೋಪಿನ ತುಂಡಿನಿಂದ ಗಾಜಿನ ಮೇಲೆ ಗೆರೆ ಎಳೆಯಿರಿ. ಅನಂತರ ಆ ಗೆರೆಯನ್ನು ಅಳೆದು ನೋಡಿ. ಅದು ನಿಮ್ಮ ಮುಖದ ಸರಿಯಾಗಿ ಅರ್ಧದಷ್ಟಿರುತ್ತದೆ! ಹಿಂದೆ ಸರಿದು ನಿಂತು ಮತ್ತೆ ಎಳೆದರೂ ಅಷ್ಟೇ. ಕಾರಣ ಸರಳವಾದುದು. ನಾವು ಕನ್ನಡಿಯ ಮುಂದೆ ಎಷ್ಟು ದೂರದಲ್ಲಿರುವೆವೋ ನಮ್ಮ ಬಿಂಬವು ಅದರ ಹಿಂದೆ ಅಷ್ಟೇ ದೂರದಲ್ಲಿರುವಂತೆ ತೋರುತ್ತದೆ. ಗಾಜು ಇವೆರಡಕ್ಕೂ ನಟ್ಟನಡುವೆ ನಿಂತಿರುವುದರಿಂದ ಅದರ ಮೇಲಿನ ಅಳತೆ ಅರ್ಧಕ್ಕಿಳಿಯುತ್ತದೆ. ದಿನವೂ ಕನ್ನಡಿ ನೋಡುವ ನಾವು ಒಮ್ಮೆಯೂ ಇದನ್ನು ಗಮನಿಸುವುದಿಲ್ಲ. ಏಕೆಂದರೆ ಮುಖ ಇಷ್ಟು ದೊಡ್ಡದೆಂದು ಮೆದುಳು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಎರಡನೆಯ ಸುಳ್ಳು ಎಡಬಲಗಳದು. ವಿನ್ಸೆಂಟ್ ವಾನ್ ಗೋ ೧೮೮೮ರ ಡಿಸೆಂಬರಿನಲ್ಲಿ ತನ್ನ ಎಡಗಿವಿಯನ್ನು ಕತ್ತರಿಸಿಕೊಂಡನು. ೧೮೮೯ರ ಜನವರಿಯಲ್ಲಿ ಬರೆದ, ಈಗ ಲಂಡನ್ನಿನ ಕೋರ್ಟಾಲ್ಡ್ ಸಂಗ್ರಹದಲ್ಲಿರುವ ಆತ್ಮಚಿತ್ರದಲ್ಲಿ ಬಟ್ಟೆಯ ಪಟ್ಟಿ ಬಲಗಿವಿಗೆ ಕಟ್ಟಿದಂತಿದೆ. ಅವನು ಬರೆದುದು ತನ್ನನ್ನಲ್ಲ, ಕನ್ನಡಿಯಲ್ಲಿದ್ದವನನ್ನು! ರೆಂಬ್ರಾಂಟನು ಮುಪ್ಪಿನಲ್ಲಿ ಬರೆದು ಈಗ ಲಂಡನ್ನಿನ ಕೆನ್‌ವುಡ್ ಭವನದಲ್ಲಿರುವ ಆತ್ಮಚಿತ್ರವನ್ನು ಎಕ್ಸ್-ಕಿರಣಗಳಿಂದ ಪರೀಕ್ಷಿಸಿದಾಗ, ಅವನು ಮೊದಲು ಕುಂಚವನ್ನು ಕನ್ನಡಿಯಲ್ಲಿ ಕಂಡಂತೆ ಎಡಗೈಯಲ್ಲಿಟ್ಟು, ಆಮೇಲೆ ಕೈಗಳನ್ನು ಅದಲುಬದಲು ಮಾಡಿ ತಿದ್ದಿರುವುದು ತಿಳಿದುಬಂತು. ಕನ್ನಡಿಯು ಕೊಟ್ಟ ಸಾಕ್ಷ್ಯವನ್ನು ಆ ಮಹಾಚಿತ್ರಕಾರನು ನಂಬಲಿಲ್ಲ.

ಇವಲ್ಲದೆ ಇನ್ನೊಂದು ಕಷ್ಟವುಂಟು. ಕನ್ನಡಿಯನ್ನು ನೋಡಿ ಬರೆಯುವವನು ಕನ್ನಡಿಯನ್ನು ನೋಡುತ್ತಲೇ ಇರಬೇಕು. ಆದ್ದರಿಂದ ಬಹುಪಾಲು ಆತ್ಮಚಿತ್ರಗಳಲ್ಲಿ ಕಾಣುವುದು ಆ ಒಂದೇ ಮುಖಭಾವ: ಮೋರೆ ಕೊಂಚ ಓರೆ, ಕಣ್ಣು ನಮ್ಮ ಕಡೆಗೆ, ಹುಬ್ಬಿನಲ್ಲಿ ಗಂಟು. ಅದು ಚಿತ್ರಕಾರನ ಸ್ವಭಾವವೆಂದು ಭಾವಿಸಿ ವಿಮರ್ಶಕರು ದೊಡ್ಡ ಮಾತುಗಳನ್ನಾಡುತ್ತಾರೆ. ಬಹುಶಃ ಅದು ಕೆಲಸದಲ್ಲಿ ತೊಡಗಿದ ಮನುಷ್ಯನ ಏಕಾಗ್ರತೆ ಮಾತ್ರ.

ಒಂದೇ ಕಣ್ಣು, ಒಂದೇ ಕ್ಷಣ

ಛಾಯಾಚಿತ್ರದ ವಿಧಾನ ಪ್ಯಾರಿಸಿನಲ್ಲಿ ಪ್ರಕಟವಾದ ೧೮೩೯ರಲ್ಲಿಯೇ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ರಾಬರ್ಟ್ ಕಾರ್ನೀಲಿಯಸ್ ಎಂಬ ತರುಣನು ಕ್ಯಾಮರದ ಮುಂದೆ ಅಲುಗದೆ ನಿಂತು ತನ್ನ ಚಿತ್ರವನ್ನು ತಾನೇ ತೆಗೆದುಕೊಂಡನು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡಿದ ಆ ಕಾಲದ ಚಿತ್ರಗಳೂ ಕನ್ನಡಿಯಂತೆ ಎಡಬಲ ತಿರುವುಮುರುವಾಗಿಯೇ ಇರುತ್ತಿದ್ದುವು. ನೆಗೆಟಿವ್‌ನಿಂದ ಕಾಗದದ ಮೇಲೆ ಅಚ್ಚಿಳಿಸುವ ಕ್ರಮ ರೂಢಿಗೆ ಬಂದ ಮೇಲೆ, ತನ್ನ ಮುಖ ಇತರರಿಗೆ ಹೇಗೆ ಕಾಣುತ್ತದೆಯೋ ಹಾಗೆಯೇ ಅದನ್ನು ನೋಡುವುದು ಮನುಷ್ಯನಿಗೆ ಸುಲಭವಾಗಿ ಸಾಧ್ಯವಾಯಿತು.

ನೋಡಿದವರಿಗೆ ಸಂತೋಷವಾಯಿತೆ? ಅಷ್ಟಾಗಿ ಇಲ್ಲ. "ಫೋಟೋದಲ್ಲಿ ನಾನು ಚೆನ್ನಾಗಿ ಬರುವುದಿಲ್ಲ" ಎಂಬುದು ಮನೆಮನೆಯ ಮಾತು. ಇದಕ್ಕೂ ಕಾರಣವುಂಟು. ೧೯೭೭ರಲ್ಲಿ ಅಮೆರಿಕದ ಮೂವರು ಮನೋವಿಜ್ಞಾನಿಗಳು ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಒಬ್ಬ ವ್ಯಕ್ತಿಯ ಒಂದೇ ಛಾಯಾಚಿತ್ರದ ಎರಡು ಪ್ರತಿಗಳನ್ನು, ಒಂದು ಇದ್ದಂತೆ, ಇನ್ನೊಂದು ಎಡಬಲ ಮಗುಚಿ, ಅವರು ಅಚ್ಚು ಮಾಡಿದರು. ಯಾವುದು ಚೆನ್ನಾಗಿದೆಯೆಂದು ಕೇಳಿದಾಗ ಆ ವ್ಯಕ್ತಿಯು ಸಾಮಾನ್ಯವಾಗಿ ಮಗುಚಿದ ಪ್ರತಿಯನ್ನೂ, ಅವನ ಆಪ್ತರು ಇದ್ದಂತೆ ಇರುವುದನ್ನೂ ಮೆಚ್ಚಿದರು. ಅವರವರಿಗೆ ರೂಢಿಯಾದ ಮುಖ ಅವರವರಿಗೆ ಇಷ್ಟ. ಇಂದಿನ ಮೊಬೈಲ್ ಫೋನುಗಳಲ್ಲಿ ಸೆಲ್ಫಿ ತೆಗೆಯುವಾಗ ಪರದೆಯ ಮೇಲೆ ಮುಖವು ಕನ್ನಡಿಯಂತೆ ಕಾಣುವುದರ ಗುಟ್ಟೂ ಇದೇ. ಛಾಯಾಚಿತ್ರವು ನಮಗೆ ನಮ್ಮನ್ನು ಅಪರಿಚಿತನನ್ನಾಗಿ ಮಾಡಿ ತೋರಿಸುತ್ತದೆ. ಜನಸಾಮಾನ್ಯರಿಗೆ ಇದು ಬೇಸರದ ಸಂಗತಿ. ಚಿತ್ರಕಾರನಿಗೆ ಮಾತ್ರ ಲಾಭ.

ಕ್ಯಾಮರದ ನೋಟಕ್ಕೂ ಕಣ್ಣಿನ ನೋಟಕ್ಕೂ ಇನ್ನೂ ಕೆಲವು ವ್ಯತ್ಯಾಸಗಳಿವೆ. ನಾವು ಎರಡು ಕಣ್ಣುಗಳಿಂದ ನೋಡಿ ಆಳವನ್ನು ಅರಿಯುತ್ತೇವೆ. ಕ್ಯಾಮರಕ್ಕೆ ಕಣ್ಣು ಒಂದೇ. ನಮ್ಮ ದೃಷ್ಟಿ ಕ್ಷಣಕ್ಕೊಂದು ಕಡೆ ಹಾರುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ ಮೂರು ಸಲ. ಮೂಗನ್ನು ನೋಡಿದಾಗ ಮೂಗು ಸ್ಪಷ್ಟ, ಕಿವಿಗೆ ಹಾರಿದಾಗ ಕಿವಿ ಸ್ಪಷ್ಟ. ಆದುದರಿಂದ ಎಲ್ಲವೂ ಸದಾ ಸ್ಪಷ್ಟವಾಗಿಯೇ ಇದೆಯೆಂಬ ಭ್ರಮೆ ನಮಗೆ. ಕ್ಯಾಮರದ ಮಸೂರಕ್ಕೆ ಈ ಚಾತುರ್ಯವಿಲ್ಲ. ಹತ್ತಿರದಿಂದ ಚಿತ್ರ ತೆಗೆದಾಗ ಒಂದು ನಿಶ್ಚಿತ ದೂರದಲ್ಲಿರುವುದು ಮಾತ್ರ ಚೂಪಾಗಿ ಮೂಡುತ್ತದೆ. ಅದಕ್ಕಿಂತ ಮುಂದಿರುವುದೂ ಹಿಂದಿರುವುದೂ ಮಸುಕಾಗುತ್ತವೆ.

ಒಂಬತ್ತು ಅಡಿ ಎತ್ತರದ ಮುಖ

ಈ ಮಸುಕನ್ನು ತಪ್ಪೆಂದು ತಿದ್ದದೆ, ಇದೂ ಒಂದು ಸತ್ಯವೆಂದು ಸ್ವೀಕರಿಸಿದವನು ಚಕ್ ಕ್ಲೋಸ್. ವಾಷಿಂಗ್ಟನ್ ರಾಜ್ಯದ ಮನ್ರೋ ಎಂಬ ಊರಿನಲ್ಲಿ ಹುಟ್ಟಿದ ಈತ ಯೇಲ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದನು. ೧೯೬೭–೬೮ರಲ್ಲಿ ಈತ ಬರೆದ ‘ದೊಡ್ಡ ಆತ್ಮಚಿತ್ರ’ವು ಈಗ ಮಿನಿಯಾಪೊಲಿಸ್ ನಗರದ ವಾಕರ್ ಕಲಾಕೇಂದ್ರದಲ್ಲಿದೆ. ಅದರ ಎತ್ತರ ೨೭೩ ಸೆಂಟಿಮೀಟರ್, ಅಗಲ ೨೧೨ ಸೆಂಟಿಮೀಟರ್. ಎಂದರೆ ಸುಮಾರು ಒಂಬತ್ತು ಅಡಿಗೆ ಏಳು ಅಡಿ. ಕೆದರಿದ ತಲೆ, ದಪ್ಪ ಕಟ್ಟಿನ ಕನ್ನಡಕ, ತುಟಿಯಲ್ಲಿ ಸಿಗರೇಟು, ಬರಿಯ ಮೈ. ಪೊಲೀಸ್ ಠಾಣೆಯ ಕಡತದಲ್ಲಿರುವ ಫೋಟೋದಂತೆ ನಿರ್ವಿಕಾರವಾದ ಮುಖ. ಕನ್ನಡಿಯ ಮುಂದೆ ಕುಳಿತ ಚಿತ್ರಕಾರನ ಹುಬ್ಬುಗಂಟು ಇಲ್ಲಿಲ್ಲ. ಕಣ್ಣುಗಳ ಸುತ್ತಲಿನ ಭಾಗವೆಲ್ಲ ಚೂಪಾಗಿದೆ. ಹಿಂದಿನ ಕೂದಲೂ ಭುಜವೂ ಮಸುಕಾಗಿ ಕರಗಿವೆ. ಮಸೂರವು ಕಂಡುದನ್ನು ಕಂಡಂತೆಯೇ ಬರೆದದ್ದು.

ಬರೆದ ಕ್ರಮವು ಬಲು ಸರಳ, ಬಲು ಶ್ರಮದ್ದು. ಚಿಕ್ಕ ಛಾಯಾಚಿತ್ರದ ಮೇಲೆ ಅಡ್ಡಗೆರೆ ಉದ್ದಗೆರೆಗಳನ್ನೆಳೆದು ಚೌಕಗಳನ್ನು ಮಾಡುವುದು. ಕ್ಯಾನ್ವಾಸಿನ ಮೇಲೂ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಎಳೆಯುವುದು. ಅನಂತರ ಒಂದೊಂದೇ ಚೌಕದಲ್ಲಿರುವುದನ್ನು ಅದರ ಜೊತೆಯ ಚೌಕಕ್ಕೆ ಸಾಗಿಸುವುದು. ಈ ಯುಕ್ತಿ ನಮಗೆ ಹೊಸದೇನಲ್ಲ. ಫ್ಲೆಕ್ಸ್ ಅಚ್ಚು ಬರುವ ಮೊದಲು ನಮ್ಮ ಊರುಗಳಲ್ಲಿ ಸಿನಿಮಾ ನಟರ ಬೃಹತ್ ಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದರೂ ಹೀಗೆಯೇ ಚೌಕ ಹಾಕಿ ಹಿಗ್ಗಿಸುತ್ತಿದ್ದರು. ಆದರೆ ಅವರಿಗೆ ಚೌಕವು ಗುರಿ ಮುಟ್ಟುವ ಏಣಿ ಮಾತ್ರ. ಕ್ಲೋಸನಿಗೆ ಅದು ನೋಡುವ ವಿಧಾನವೇ ಆಯಿತು. ಒಂದು ಚೌಕವನ್ನು ಮಾತ್ರ ನೋಡುತ್ತಿರುವವನಿಗೆ ಅಲ್ಲಿ ಮೂಗಿಲ್ಲ, ತುಟಿಯಿಲ್ಲ. ಇಷ್ಟು ಕಪ್ಪು, ಇಷ್ಟು ಬೂದು, ಇಷ್ಟು ಬಿಳುಪು ಎಂಬುದಷ್ಟೇ ಇದೆ. ತೆಳುವಾದ ಕಪ್ಪು ಅಕ್ರಿಲಿಕ್ ಬಣ್ಣವನ್ನು ಮಂಜಿನಂತೆ ಊದುವ ಏರ್‌ಬ್ರಷ್ಷಿನಿಂದ ಹಾಯಿಸಿ, ಬೇಕಾದೆಡೆ ಬ್ಲೇಡಿನಿಂದ ಕೆರೆದು ಬಿಳುಪು ತೆಗೆದು, ಅವನು ಆ ಚಿತ್ರವನ್ನು ಮುಗಿಸಿದನು.

ಕೆಲವು ವರ್ಷಗಳಲ್ಲಿ ವರ್ಣಚಿತ್ರಗಳು ಬಂದುವು. ಅಲ್ಲಿಯೂ ಅವನು ಅನುಸರಿಸಿದ್ದು ಮುದ್ರಣಾಲಯದ ಮಾರ್ಗವನ್ನು. ಪತ್ರಿಕೆಯಲ್ಲಿ ಬಣ್ಣದ ಚಿತ್ರವನ್ನು ಅಚ್ಚಿಸುವಾಗ ಅದನ್ನು ನೀಲಿ, ಕೆನ್ನೀಲಿಗೆಂಪು, ಹಳದಿ ಎಂದು ಬಿಡಿಸಿ ಒಂದರ ಮೇಲೊಂದಾಗಿ ಮುದ್ರಿಸುತ್ತಾರಷ್ಟೆ. ಕ್ಲೋಸನು ಅದೇ ಮೂರು ಬಣ್ಣಗಳನ್ನು ಕೈಯಿಂದಲೇ ಪದರ ಪದರವಾಗಿ ಹಾಯಿಸಿದನು. ಒಂದೇ ಚಿತ್ರವನ್ನು ಮೂರು ಸಲ ಬರೆದಂತಾಯಿತು. ಹೀಗೆ ೧೯೭೮–೭೯ರಲ್ಲಿ ಬರೆದ ‘ಮಾರ್ಕ್’ ಎಂಬ ಮಿತ್ರನ ಚಿತ್ರಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಕ್ಯಾಮರವು ಒಂದು ಕ್ಷಣದಲ್ಲಿ ಮಾಡಿದ್ದಕ್ಕೆ ಹದಿನಾಲ್ಕು ತಿಂಗಳು! ನಕಲು ಮಾಡುವುದಷ್ಟೇ ಉದ್ದೇಶವಾಗಿದ್ದರೆ ಯಾರೂ ಈ ದಾರಿ ಹಿಡಿಯುತ್ತಿರಲಿಲ್ಲ.

ಮುಖ ನೆನಪಿಲ್ಲದ ಮುಖಚಿತ್ರಕಾರ

ಅವನು ಈ ದಾರಿ ಹಿಡಿದುದಕ್ಕೆ ಒಂದು ಆಳವಾದ ಕಾರಣವಿತ್ತು. ಮುಖಗಳನ್ನು ಬರೆದು ಲೋಕಪ್ರಸಿದ್ಧನಾದ ಈತನಿಗೆ ಮುಖಗಳ ಗುರುತೇ ಸಿಕ್ಕುತ್ತಿರಲಿಲ್ಲ. ಚೆನ್ನಾಗಿ ಬಲ್ಲವರು ಎದುರಿಗೆ ಬಂದರೂ ಯಾರೆಂದು ತಿಳಿಯದು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಪ್ರೊಸೋಪಾಗ್ನೋಸಿಯ ಎಂದು ಹೆಸರು. ಜರ್ಮನಿಯ ನರವೈದ್ಯ ಯೋಆಕಿಮ್ ಬೋಡಾಮರ್ ೧೯೪೭ರಲ್ಲಿ ಗ್ರೀಕ್ ಮಾತುಗಳಿಂದ ಕಟ್ಟಿದ ಪದವಿದು. ಬಣ್ಣಗುರುಡು, ಇರುಳುಗುರುಡು ಎನ್ನುವಂತೆ ನಾವು ಇದನ್ನು ಮುಖಗುರುಡು ಎನ್ನಬಹುದು. ಇಂಥವರ ಕಣ್ಣಿನಲ್ಲಿ ದೋಷವಿಲ್ಲ. ಮೂಗು, ಕಣ್ಣು, ಬಾಯಿ ಎಲ್ಲವೂ ಅವರಿಗೆ ಕಾಣುತ್ತವೆ. ಅವೆಲ್ಲ ಕೂಡಿ ‘ಇಂಥವನು’ ಎಂಬ ಅರಿವು ಮಾತ್ರ ಮೂಡುವುದಿಲ್ಲ. ಮೆದುಳಿಗೆ ಪೆಟ್ಟು ಬಿದ್ದು ಇದು ಉಂಟಾಗಬಹುದು. ಹುಟ್ಟಿನಿಂದಲೇ ಇರುವುದೂ ಉಂಟು. ಖ್ಯಾತ ನರವೈದ್ಯ ಹಾಗೂ ಲೇಖಕ ಆಲಿವರ್ ಸ್ಯಾಕ್ಸ್‌ಗೂ ಈ ಕೊರತೆಯಿತ್ತು. ಎದುರಿಗೆ ಬಂದ ಗಡ್ಡದ ಮನುಷ್ಯನೊಬ್ಬನಿಗೆ ದಾರಿ ಬಿಟ್ಟು ಕ್ಷಮೆ ಕೇಳಿದ ಮೇಲೆ ಅದು ಕನ್ನಡಿಯಲ್ಲಿದ್ದ ತನ್ನ ಬಿಂಬವೆಂದು ತಿಳಿದುದನ್ನು ಆತ ತಾನೇ ಬರೆದಿದ್ದಾನೆ.

ಮುಖಕ್ಕಾಗಿ ಮೆದುಳಿನಲ್ಲಿ ಬೇರೆಯೇ ಏರ್ಪಾಡಿದೆಯೆ? ಇದೆಯೆಂದು ಹೇಳಲು ಬಲವಾದ ಆಧಾರಗಳಿವೆ. ೧೯೬೯ರಲ್ಲಿ ರಾಬರ್ಟ್ ಯಿನ್ ಎಂಬ ಮನೋವಿಜ್ಞಾನಿ ತೋರಿಸಿದ ಸಂಗತಿಯನ್ನು ನೋಡಿ: ಚಿತ್ರಗಳನ್ನು ತಲೆಕೆಳಗು ಮಾಡಿ ತೋರಿಸಿದರೆ ಮನೆ, ವಿಮಾನ ಮೊದಲಾದುವನ್ನು ಗುರುತಿಸುವುದು ಸ್ವಲ್ಪ ಕಷ್ಟವಾಗುತ್ತದೆ; ಮುಖಗಳನ್ನು ಗುರುತಿಸುವುದು ಬಹಳ ಕಷ್ಟವಾಗುತ್ತದೆ. ದಿನಪತ್ರಿಕೆಯನ್ನು ತಿರುಗಿಸಿ ಹಿಡಿದರೆ ಓದುಗರಿಗೇ ಇದು ಮನವರಿಕೆಯಾದೀತು. ನೆಟ್ಟಗಿರುವ ಮುಖವನ್ನು ನಾವು ಬಿಡಿಬಿಡಿಯಾಗಿ ಅಲ್ಲ, ಇಡಿಯಾಗಿ ಗ್ರಹಿಸುತ್ತೇವೆಂಬುದು ಇದರಿಂದ ತಿಳಿಯುತ್ತದೆ. ೧೯೯೭ರಲ್ಲಿ ನ್ಯಾನ್ಸಿ ಕಾನ್‌ವಿಷರ್ ಮತ್ತು ಆಕೆಯ ಸಹೋದ್ಯೋಗಿಗಳು, ಇತರ ವಸ್ತುಗಳಿಗಿಂತ ಮುಖವನ್ನು ಕಂಡಾಗ ಹೆಚ್ಚಾಗಿ ಎಚ್ಚೆತ್ತುಕೊಳ್ಳುವ ಒಂದು ಪುಟ್ಟ ಪ್ರದೇಶವನ್ನು ಮೆದುಳಿನ ತಳಭಾಗದಲ್ಲಿ ಗುರುತಿಸಿದರು.

ಇಡಿಯಾದ ಗ್ರಹಿಕೆ ಕೈಗೊಡದಿದ್ದಾಗ ಕ್ಲೋಸ್ ಮಾಡಿದ್ದೇನು? ಮುಖವನ್ನು ಚಪ್ಪಟೆ ಮಾಡಿಕೊಂಡನು. ಜೀವಂತ ಮುಖ ಒಂದು ಬೆರಳಿನಷ್ಟು ತಿರುಗಿದರೂ ತನಗೆ ಅದು ಹೊಸ ಮುಖವೆಂದೂ, ಅದೇ ಮುಖ ಛಾಯಾಚಿತ್ರವಾಗಿ ಸಮತಟ್ಟಾದಾಗ ಮಾತ್ರ ನೆನಪಿನಲ್ಲಿ ನಿಲ್ಲುತ್ತದೆಯೆಂದೂ ಅವನು ಹೇಳಿಕೊಂಡಿದ್ದಾನೆ. ಬರೆದದ್ದು ಬಹುಮಟ್ಟಿಗೆ ಮಿತ್ರರ, ಬಂಧುಗಳ ಮತ್ತು ತನ್ನ ಮುಖಗಳು. ಮರೆತುಹೋಗಬಾರದೆಂದು ಬಯಸಿದವರ ಮುಖಗಳನ್ನು ಚೌಕ ಚೌಕವಾಗಿ ಕಲಿತುಕೊಂಡ ಪಾಠಗಳವು. ಹೀಗೆ ನೋಡಿದರೆ ಅವನ ಕೈಯಲ್ಲಿದ್ದ ಛಾಯಾಚಿತ್ರವು ಶ್ರಮ ತಪ್ಪಿಸುವ ಸಾಧನವಲ್ಲ; ಕುಂಟನಿಗೆ ಊರುಗೋಲಿದ್ದಂತೆ.

೧೯೮೮ರ ಡಿಸೆಂಬರ್ ೭

ಆ ದಿನ ನ್ಯೂಯಾರ್ಕ್ ನಗರದ ಒಂದು ಸಮಾರಂಭದಲ್ಲಿ ಭಾಗವಹಿಸುತ್ತಿದ್ದ ಕ್ಲೋಸನಿಗೆ ಎದೆಯಲ್ಲಿ ವಿಪರೀತ ನೋವು ಕಾಣಿಸಿಕೊಂಡಿತು. ಬೆನ್ನುಹುರಿಗೆ ರಕ್ತವನ್ನೊಯ್ಯುವ ಧಮನಿಯೊಂದು ಕುಸಿದಿತ್ತು. ಕೆಲವೇ ಗಂಟೆಗಳಲ್ಲಿ ಕತ್ತಿನಿಂದ ಕೆಳಗೆ ಮೈಯೆಲ್ಲ ನಿಶ್ಚೇಷ್ಟಿತವಾಯಿತು. ಆಗ ಅವನಿಗೆ ನಲವತ್ತೆಂಟು ವರ್ಷ. ತಿಂಗಳುಗಟ್ಟಲೆ ಚಿಕಿತ್ಸೆಯ ಮೇಲೆ ತೋಳುಗಳಲ್ಲಿ ಒಂದಿಷ್ಟು ಚಲನೆ ಮರಳಿತು. ಬೆರಳುಗಳಿಂದ ಕುಂಚ ಹಿಡಿಯುವ ಶಕ್ತಿ ಬರಲಿಲ್ಲ. ಕುಂಚವನ್ನು ಪಟ್ಟಿಯಿಂದ ಕೈಗೆ ಕಟ್ಟಿಸಿಕೊಂಡು, ಗಾಲಿಕುರ್ಚಿಯಲ್ಲಿ ಕುಳಿತು, ಅವನು ಮತ್ತೆ ಬರೆಯತೊಡಗಿದನು. ಕ್ಯಾನ್ವಾಸನ್ನು ಮೇಲಕ್ಕೂ ಕೆಳಕ್ಕೂ ಸರಿಸುವ ಯಂತ್ರವೊಂದು ಅವನಿಗೆ ನೆರವಾಯಿತು.

ಈ ಅವಧಿಯ ಆತ್ಮಚಿತ್ರಗಳು ಹಿಂದಿನಂತಲ್ಲ. ಪ್ರತಿ ಚೌಕದೊಳಗೂ ಬಣ್ಣದ ಉಂಗುರಗಳು, ವಜ್ರಾಕೃತಿಗಳು, ಬೊಟ್ಟುಗಳು. ಕೈ ಸೋತುದರಿಂದ ಈ ಶೈಲಿ ಹುಟ್ಟಿತೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ೧೯೮೬–೮೭ರಲ್ಲಿ, ಎಂದರೆ ಆ ಆಘಾತಕ್ಕೂ ಮುಂಚೆಯೇ, ಬರೆದ ‘ಲ್ಯೂಕಸ್’ ಎಂಬ ಚಿತ್ರದಲ್ಲಿ ಈ ಬಣ್ಣದ ಗುರುತುಗಳು ಕಾಣುತ್ತವೆ. ಒಂದು ಸಲಕ್ಕೆ ಒಂದು ಚೌಕ ಎಂಬ ನಿಯಮವನ್ನು ಅವನು ಇಪ್ಪತ್ತು ವರ್ಷಗಳಿಂದ ಪಾಲಿಸಿಕೊಂಡು ಬಂದಿದ್ದನು. ಕಷ್ಟಕಾಲದಲ್ಲಿ ಅದೇ ನಿಯಮ ಅವನನ್ನು ಕಾಯಿತು. ದೊಡ್ಡ ಕ್ಯಾನ್ವಾಸ್ ಅಸಾಧ್ಯವೆನಿಸಬಹುದು. ಒಂದು ಚೌಕ ಎಂದೂ ಅಸಾಧ್ಯವಲ್ಲ.

ಹಿಂದೆ ಸರಿದರೆ ಹತ್ತಿರವಾಗುವ ಮುಖ

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ೧೯೯೭ರ ಅವನ ಆತ್ಮಚಿತ್ರವೊಂದಿದೆ. ಹತ್ತಿರ ನಿಂತರೆ ಅಂಗಳದ ತುಂಬ ರಂಗವಲ್ಲಿ ಹಾಕಿದಂತೆ ಬರಿಯ ಬಣ್ಣದ ಬಳೆಗಳು, ಚುಕ್ಕಿಗಳು. ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತಾ ಹೋದರೆ ಒಂದು ದೂರದಲ್ಲಿ ಚುಕ್ಕಿಗಳು ಕರಗಿ, ಕನ್ನಡಕ ತೊಟ್ಟು ಗಡ್ಡ ಬಿಟ್ಟ ಮುಖವೊಂದು ಥಟ್ಟನೆ ಉಬ್ಬಿ ನಿಲ್ಲುತ್ತದೆ.

ಇದು ಹೇಗಾಗುತ್ತದೆ? ಬೆಲ್ ಪ್ರಯೋಗಾಲಯದ ಲಿಯನ್ ಹಾರ್ಮನ್ ೧೯೭೩ರಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಅಧ್ಯಯನವನ್ನು ಪ್ರಕಟಿಸಿದನು. ಅಬ್ರಹಾಂ ಲಿಂಕನ್ನನ ಚಿತ್ರವನ್ನು ಅವನು ಸುಮಾರು ೨೫೦ ಚೌಕಗಳಾಗಿ ಒಡೆದು, ಪ್ರತಿ ಚೌಕಕ್ಕೂ ಒಂದೇ ಬೂದುಛಾಯೆಯನ್ನು ಕೊಟ್ಟನು. ಹತ್ತಿರದಿಂದ ಯಾರೆಂದು ತಿಳಿಯದು; ಕಣ್ಣನ್ನು ಕಿರಿದು ಮಾಡಿ ಮಸುಕಾಗಿ ನೋಡಿದರೆ ಲಿಂಕನ್ ಕಾಣುತ್ತಾನೆ. ಚೌಕಗಳ ಚೂಪಾದ ಅಂಚುಗಳು ಮುಖದ ಸುಳಿವನ್ನು ಮುಚ್ಚಿರುತ್ತವೆ. ಮಸುಕು ಆ ಅಂಚುಗಳನ್ನು ಅಳಿಸುತ್ತದೆ. ಕಡಮೆ ನೋಡಿದರೆ ಹೆಚ್ಚು ಕಾಣುವುದೆಂಬ ಈ ಮಾತು ಒಗಟಿನಂತಿದ್ದರೂ ನಿಜ.

೧೯೯೯ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡೆನಿಸ್ ಪೆಲ್ಲಿ ನೇರವಾಗಿ ಕ್ಲೋಸನ ಚಿತ್ರಗಳನ್ನೇ ಪ್ರಯೋಗಕ್ಕೆ ತೆಗೆದುಕೊಂಡನು. ಎಷ್ಟು ದೂರದಲ್ಲಿ ಚಪ್ಪಟೆ ಗುರುತುಗಳು ಅಳಿದು ಮೂಗು ಉಬ್ಬಿ ಬರುತ್ತದೆಯೆಂದು ನೋಡುಗರಿಂದ ಕೇಳಿ ಅಳೆದನು. ವಸ್ತುವಿನ ಗಾತ್ರ ಏನೇ ಇರಲಿ, ಅದರ ಆಕಾರವನ್ನು ಕಣ್ಣು ಒಂದೇ ಬಗೆಯಾಗಿ ಗ್ರಹಿಸುತ್ತದೆಂಬುದು ಬಹುಕಾಲದ ಎಣಿಕೆ. ಈ ಚಿತ್ರಗಳಲ್ಲಿ ಹಾಗಲ್ಲ. ಗುರುತುಗಳು ಕಣ್ಣಿಗೆ ಎಷ್ಟು ದೊಡ್ಡದಾಗಿ ತೋರುತ್ತವೆ ಎಂಬುದರ ಮೇಲೆ ನಮಗೆ ಕಾಣುವ ಆಕಾರವೇ ಬದಲಾಗುತ್ತದೆ. ಚಿತ್ರಕಾರನೊಬ್ಬನ ಕೃತಿಗಳು ದೃಷ್ಟಿವಿಜ್ಞಾನದ ಒಂದು ತತ್ತ್ವವನ್ನು ತಿದ್ದಿದ್ದು ಸಣ್ಣ ಮಾತಲ್ಲ.

ನಕಲೇ, ಕಲೆಯೇ?

ಛಾಯಾಚಿತ್ರವನ್ನು ಬಳಸುವುದರಲ್ಲಿ ಎಲ್ಲ ಚಿತ್ರಕಾರರ ಮಾರ್ಗವೂ ಒಂದೇ ಅಲ್ಲ. ಜರ್ಮನಿಯ ಗೆರ್ಹಾರ್ಡ್ ರಿಖ್ಟರ್ ೧೯೯೬ರ ತನ್ನ ಪುಟ್ಟ ಆತ್ಮಚಿತ್ರದಲ್ಲಿ ಕ್ಲೋಸನಿಗೆ ತೀರ ವಿರುದ್ಧವಾದುದನ್ನು ಮಾಡಿದನು. ಛಾಯಾಚಿತ್ರದಿಂದ ಬರೆದ ಮುಖವನ್ನು ಸ್ಪಷ್ಟಗೊಳಿಸುವ ಬದಲು ಮಸುಕಾಗಿಸಿ, ತಗ್ಗಿದ ಕಣ್ಣುಗಳ ತನ್ನ ಮುಖವನ್ನು ಹೆಚ್ಚುಕಡಮೆ ಮರೆಮಾಡಿದನು. ಒಬ್ಬನು ಒಂಬತ್ತು ಅಡಿ ಎತ್ತರದಲ್ಲಿ ತೋರಿಸಿದ್ದನ್ನು ಇನ್ನೊಬ್ಬನು ಒಂದೂವರೆ ಅಡಿಯ ಕ್ಯಾನ್ವಾಸಿನಲ್ಲಿ ಅಡಗಿಸಿದನು. ಇಬ್ಬರ ಮುಂದೆಯೂ ಇದ್ದುದು ಒಂದು ಫೋಟೋ. ಯಂತ್ರವು ಕೊಟ್ಟದ್ದು ಒಂದೇ ಬಗೆಯಾದರೂ ಮನುಷ್ಯರು ಅದರಿಂದ ತೆಗೆದುಕೊಂಡದ್ದು ಬೇರೆ ಬೇರೆ.

ಆದುದರಿಂದ ಮೊದಲು ಕೇಳಿದ ಪ್ರಶ್ನೆಗೆ ಉತ್ತರವನ್ನು ಹೀಗೆ ಹೇಳಬಹುದು. ನಮ್ಮ ಮುಖವು ಕನ್ನಡಿಯಲ್ಲಿಯೂ ಇಲ್ಲ, ಛಾಯಾಚಿತ್ರದಲ್ಲಿಯೂ ಇಲ್ಲ, ಕ್ಯಾನ್ವಾಸಿನ ಮೇಲೆಯೂ ಇಲ್ಲ. ಅಲ್ಲಿರುವುದು ಬೆಳಕು ನೆರಳುಗಳ ಸುಳಿವುಗಳು ಮಾತ್ರ. ಅವುಗಳಿಂದ ಮುಖವನ್ನು ಕಟ್ಟುವುದು ನೋಡುವವನ ಮೆದುಳು. ನಮ್ಮಲ್ಲಿ ಬಹುಪಾಲು ಜನರಿಗೆ ಈ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ, ಅರಿವಿಗೇ ಬಾರದಂತೆ ಮುಗಿದುಹೋಗುತ್ತದೆ. ಅದು ತಾನಾಗಿ ಮುಗಿಯದ ಒಬ್ಬ ಮನುಷ್ಯನು ಅದನ್ನು ಚೌಕ ಚೌಕವಾಗಿ, ತಿಂಗಳುಗಟ್ಟಲೆ, ಕೈ ಸೋತ ಮೇಲೂ ಬಿಡದೆ ಮಾಡಿ ತೋರಿಸಿದನು. ಪರಿಚಿತರ ಮುಖವನ್ನು ಕಂಡೊಡನೆ ಹೆಸರು ಹಿಡಿದು ಕರೆಯುವಾಗ ನಮ್ಮ ತಲೆಯೊಳಗೆ ಎಷ್ಟು ದೊಡ್ಡ ಕೆಲಸ ನಡೆದಿದೆಯೆಂಬುದು ಆ ಚಿತ್ರಗಳನ್ನು ನೋಡಿದ ಮೇಲೆ ತಿಳಿಯುತ್ತದೆ.